ಕ್ರಿಯೋನನ ಮಾತನ್ನೂ ಕೇಳೋಣ: ಗ್ರೀಕ್ ದುರಂತ ನಾಟಕ ಮತ್ತು ಇಂದಿನ ರಾಜಕೀಯ ಚಿಂತನೆ

ರಾಜಕೀಯ ಚಿಂತನೆ ಓದುವವರಿಗೆ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲೀಸನ ‘ಅಂತಿಗೊನೆ’ ಮತ್ತೆ ಮತ್ತೆ ಎದುರಾಗುತ್ತದೆ. ಜರ್ಮನ್ ತತ್ವಜ್ಞಾನಿ ಹೆಗೆಲ್‌ನನ್ನು ಓದಿದರೂ ಬರುತ್ತದೆ, ಕಾನೂನುಭಂಗದ ಬಗ್ಗೆ ಓದಿದರೂ ಬರುತ್ತದೆ, ಸ್ತ್ರೀವಾದದಲ್ಲೂ ಬರುತ್ತದೆ. ಗ್ರೀಕ್ ದುರಂತ ನಾಟಕಗಳ ಪ್ರಭಾವವನ್ನೆಲ್ಲ ಒಂದು ಟಿಪ್ಪಣಿಯಲ್ಲಿ ತುರುಕುವ ಬದಲು ಈ ಒಂದು ನಾಟಕವನ್ನೇ ಹಿಡಿದುಕೊಳ್ಳುತ್ತೇನೆ. ನಾವು ಸಾಮಾನ್ಯವಾಗಿ ಅಂತಿಗೊನೆಯ ಮಾತಿಗಷ್ಟೇ ಕಿವಿ ಕೊಡುತ್ತೇವೆ. ಅವಳಿಗೆ ಎದುರು ನಿಂತ ಕ್ರಿಯೋನನ ಮಾತನ್ನೂ ಗಮನವಿಟ್ಟು ಕೇಳಿದರೆ ಮಾತ್ರ ಈ ನಾಟಕ ಚಿಂತಕರನ್ನು ಯಾಕೆ ಇಷ್ಟು ಕಾಡಿದೆ ಅಂತ ಗೊತ್ತಾಗುತ್ತದೆ.

ಮೊದಲು ಕಥೆ. ಹಿಂದೆ ರಾಜನಾಗಿದ್ದ ಈಡಿಪಸ್‌ನ ಇಬ್ಬರು ಗಂಡುಮಕ್ಕಳು ಥೀಬ್ಸ್ ನಗರದ ಸಿಂಹಾಸನಕ್ಕಾಗಿ ಹೊಡೆದಾಡಿ, ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ಎಟಿಯೋಕ್ಲೀಸ್ ಊರನ್ನು ಕಾಯುತ್ತಾ ಸತ್ತವನು. ಪಾಲಿನೈಸೀಸ್ ಹೊರಗಿನ ಸೈನ್ಯ ಕರೆತಂದು ತನ್ನ ಊರಿನ ಮೇಲೇ ದಾಳಿ ಮಾಡಿದವನು. ಅಧಿಕಾರ ಈಗ ಸೋದರಮಾವ ಕ್ರಿಯೋನನ ಕೈಗೆ ಬಂದಿದೆ. ಮೊದಲನೆಯವನಿಗೆ ಗೌರವದ ಸಂಸ್ಕಾರ, ಎರಡನೆಯವನ ಹೆಣ ನಾಯಿ ನರಿಗೆ ಅಂತ ಅವನು ಆಜ್ಞೆ ಹೊರಡಿಸುತ್ತಾನೆ. ತಂಗಿ ಅಂತಿಗೊನೆ ಆಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಹಾಕುತ್ತಾಳೆ. ಸಿಕ್ಕಿಬೀಳುತ್ತಾಳೆ. ಅವಳನ್ನು ಜೀವಂತವಾಗಿ ಗವಿಯೊಂದರಲ್ಲಿ ಮುಚ್ಚುತ್ತಾರೆ. ಅವಳು ನೇಣು ಹಾಕಿಕೊಳ್ಳುತ್ತಾಳೆ. ಅವಳನ್ನು ಮದುವೆಯಾಗಬೇಕಿದ್ದ ಹೈಮನ್, ಅಂದರೆ ಕ್ರಿಯೋನನ ಮಗ, ಅಲ್ಲೇ ಕತ್ತಿಗೆ ಬೀಳುತ್ತಾನೆ. ಸುದ್ದಿ ಕೇಳಿ ಅವನ ತಾಯಿಯೂ ಸಾಯುತ್ತಾಳೆ.

ಅಥೆನ್ಸಿನ ಜನ ಇದನ್ನು ಹೇಗೆ ನೋಡಿರಬಹುದು?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ದುರಂತ ನಾಟಕ ಅಥೆನ್ಸಿನಲ್ಲಿ ಸುಮ್ನೆ ಸಂಜೆಯ ಮನರಂಜನೆ ಆಗಿರಲಿಲ್ಲ. ದಿಯೋನೀಸಸ್ ದೇವರ ಹಬ್ಬದಲ್ಲಿ, ನಗರವೇ ಏರ್ಪಡಿಸುತ್ತಿದ್ದ ಸ್ಪರ್ಧೆ ಅದು. ನಾಟಕಕ್ಕೆ ಮುಂಚೆ ಅಧೀನ ನಗರಗಳಿಂದ ಬಂದ ಕಪ್ಪವನ್ನು ಜನರ ಮುಂದೆ ಇಡುತ್ತಿದ್ದರು. ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡು ನಗರದ ಖರ್ಚಿನಲ್ಲಿ ಬೆಳೆದ ಹುಡುಗರನ್ನು ಮೆರವಣಿಗೆಯಲ್ಲಿ ತರುತ್ತಿದ್ದರು. ಸೊಫೊಕ್ಲೀಸ್ ಕೂಡ ಮೂಲೆಯಲ್ಲಿ ಕೂತು ಬರೆದವನಲ್ಲ. ಕ್ರಿ.ಪೂ. 441-440ರಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸನ ಜತೆ ದಂಡನಾಯಕನಾಗಿದ್ದ. ‘ಅಂತಿಗೊನೆ’ ಬಂದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ಇಂಥ ಜನರ ಮುಂದೆ ಕ್ರಿಯೋನ ತನ್ನ ಮೊದಲ ಭಾಷಣ ಮಾಡುತ್ತಾನೆ. ಒಬ್ಬನ ಕೈಗೆ ಅಧಿಕಾರ ಕೊಡುವ ತನಕ ಅವನ ಬುದ್ಧಿ ಎಂಥದು ಅಂತ ತಿಳಿಯುವುದಿಲ್ಲ. ದೇಶಕ್ಕಿಂತ ಗೆಳೆಯ ದೊಡ್ಡವನು ಅನ್ನುವವನಿಗೆ ನನ್ನಲ್ಲಿ ಬೆಲೆಯಿಲ್ಲ. ನಗರವೆಂಬ ಹಡಗು ನೆಟ್ಟಗೆ ಸಾಗಿದರೆ ತಾನೇ ನಮಗೆ ಗೆಳೆಯರು ಸಿಗುವುದು? ಅವನ ಮಾತಿನ ಸಾರ ಇದು. ಇದರಲ್ಲಿ ತಪ್ಪೇನಿದೆ? ಯುದ್ಧ ಮುಗಿದು ಇನ್ನೂ ಒಂದು ದಿನ ಆಗಿಲ್ಲ, ಅಲ್ವಾ? ಸುಮಾರು ನೂರು ವರ್ಷದ ಮೇಲೆ, ಕ್ರಿ.ಪೂ. 343ರಲ್ಲಿ, ಡೆಮೋಸ್ತನೀಸ್ ಎಂಬ ವಾಗ್ಮಿ ಇದೇ ಸಾಲುಗಳನ್ನು ನ್ಯಾಯಾಲಯದಲ್ಲಿ ಓದಿಸಿದ. ಎದುರಾಳಿ ಎಸ್ಕಿನೀಸ್ ಹಿಂದೆ ನಟನಾಗಿದ್ದವನು, ಕ್ರಿಯೋನನ ಪಾತ್ರವನ್ನೇ ಮಾಡಿದ್ದವನು. ಇಷ್ಟು ಒಳ್ಳೆಯ ಮಾತನ್ನು ರಂಗದ ಮೇಲೆ ಹೇಳಿದವನು ದೇಶಕ್ಕೆ ದ್ರೋಹ ಮಾಡಿದ ಅನ್ನುವುದು ಡೆಮೋಸ್ತನೀಸನ ಆರೋಪ. ಅಂದರೆ ಆ ಕಾಲದ ಅಥೆನ್ಸಿನಲ್ಲಿ ಈ ಭಾಷಣ ಒಳ್ಳೆಯ ನಾಗರಿಕನ ಮಾತಾಗಿಯೇ ಚಲಾವಣೆಯಲ್ಲಿತ್ತು. ಕ್ರಿಯೋನನನ್ನು ಖಳನಾಯಕ ಅಂತ ಒಂದೇ ಪದದಲ್ಲಿ ಮುಗಿಸುವ ಉತ್ತರಪತ್ರಿಕೆಗಳು ಈ ಅಂಶವನ್ನು ಪೂರ್ತಿ ಮರೆಯುತ್ತವೆ.

ಇನ್ನೊಂದು ಸೂಕ್ಷ್ಮ ಇದೆ. ದ್ರೋಹಿಯನ್ನು ತಮ್ಮ ನೆಲದಲ್ಲಿ ಹೂಳಬಾರದು ಎಂಬ ಕಾನೂನು ಅಥೆನ್ಸಿನಲ್ಲೂ ಇತ್ತು. ಆದರೆ ಗಡಿಯಾಚೆ ಹೂಳಲು ಅಡ್ಡಿ ಇರಲಿಲ್ಲ. ಕ್ರಿಯೋನ ಆ ದಾರಿಯನ್ನೂ ಮುಚ್ಚಿ, ಹೆಣಕ್ಕೆ ಕಾವಲು ಹಾಕುತ್ತಾನೆ. ಒಪ್ಪಬಹುದಾದ ತತ್ವವೊಂದು ಅತಿಗೆ ಹೋಗುವುದು ಇಲ್ಲಿಂದ.

ಹೆಗೆಲ್ ಕಂಡದ್ದು

ಅಂತಿಗೊನೆ ‘ಬರೆಯದ ಕಾನೂನು’ಗಳ ಹೆಸರು ಹೇಳಿ ತನ್ನನ್ನು ಸಮರ್ಥಿಸಿಕೊಳ್ಳುತ್ತಾಳೆ. ಎಲ್ಲ ಮನುಷ್ಯರಿಗೂ ಸಹಜವಾಗಿ ಅನ್ವಯಿಸುವ ನ್ಯಾಯವೊಂದಿದೆ ಅನ್ನುವುದಕ್ಕೆ ಅರಿಸ್ಟಾಟಲ್ ಇದೇ ಮಾತನ್ನು ಉದಾಹರಣೆ ಕೊಟ್ಟ. ಸಹಜ ಕಾನೂನು, ಮನಸ್ಸಾಕ್ಷಿ, ಕಾನೂನುಭಂಗ ಎಂಬ ಚರ್ಚೆಗಳಲ್ಲಿ ಅವಳ ಹೆಸರು ಬರುವುದು ಈ ದಾರಿಯಿಂದ.

ಹೆಗೆಲ್ 1807ರ ‘ಚೈತನ್ಯದ ವಿದ್ಯಮಾನಶಾಸ್ತ್ರ’ದಲ್ಲಿ ಬೇರೆ ಜಾಗ ಹಿಡಿದ. ಅವನ ಪ್ರಕಾರ ಇದು ನ್ಯಾಯಕ್ಕೂ ಅನ್ಯಾಯಕ್ಕೂ ನಡೆದ ಜಗಳ ಅಲ್ಲ. ಕುಟುಂಬದ ಕಡೆಗಿನ ದೈವಿಕ ಕಾನೂನಿಗೂ ರಾಜ್ಯದ ಮಾನವ ಕಾನೂನಿಗೂ ಡಿಕ್ಕಿ. ಎರಡೂ ಸರಿ, ಎರಡೂ ಅರ್ಧ ಮಾತ್ರ ಸರಿ. ಕಲೆಯ ಮೇಲಿನ ಉಪನ್ಯಾಸಗಳಲ್ಲಿ ಅವನು ಇನ್ನೂ ಒಳಗೆ ಹೋಗುತ್ತಾನೆ. ಅಂತಿಗೊನೆ ರಾಜನ ಮಗಳು, ಹೈಮನ್‌ಗೆ ನಿಶ್ಚಯವಾದವಳು. ರಾಜಾಜ್ಞೆಗೆ ಅವಳೂ ಬದ್ಧಳು. ಕ್ರಿಯೋನ ಕೂಡ ಅಪ್ಪ, ಗಂಡ. ರಕ್ತಸಂಬಂಧಕ್ಕೆ ಅವನೂ ಬದ್ಧ. ಪ್ರತಿಯೊಬ್ಬರೂ ಹೊರಗೆ ಯಾವುದರ ವಿರುದ್ಧ ಹೋರಾಡುತ್ತಾರೋ ಅದು ಅವರ ಒಳಗೇ ಇದೆ. ಹಾಗಾಗಿಯೇ ಪೆಟ್ಟು ಅವರಿಗೇ ಬೀಳುತ್ತದೆ. ಒಳ್ಳೆಯದು ಒಳ್ಳೆಯದನ್ನೇ ಎದುರಿಸಬೇಕಾಗಿ ಬರಬಹುದು ಅನ್ನುವ ಈ ತಿಳಿವು ಆಮೇಲಿನ ರಾಜಕೀಯ ಚಿಂತನೆಗೆ ಸಿಕ್ಕ ದೊಡ್ಡ ಕೊಡುಗೆ ಅಂತ ನನಗನ್ನಿಸುತ್ತದೆ.

ಆದರೂ ಹೆಗೆಲ್ ತಕ್ಕಡಿಯನ್ನು ಸ್ವಲ್ಪ ಜಾಸ್ತಿಯೇ ಸಮ ಮಾಡಿದ್ದಾನೆ. ಕುರುಡ ಕಣಿಗಾರ ಟೈರೀಸಿಯಸ್ ಬಂದು, ದೇವರುಗಳು ಬಲಿಯನ್ನೇ ಒಪ್ಪುತ್ತಿಲ್ಲ ಅಂತ ಹೇಳುವುದು ಕ್ರಿಯೋನನಿಗೆ. ತಪ್ಪು ನನ್ನದು ಅಂತ ಕೊನೆಗೆ ಅಳುವವನೂ ಅವನೇ. ತತ್ವಗಳ ಮಟ್ಟದಲ್ಲಿ ಇಬ್ಬರೂ ಸರಿಸಮ ಇರಬಹುದು, ನಾಟಕದ ತೀರ್ಪು ಹಾಗಿಲ್ಲ.

ಹಾಗಾದರೆ ಕ್ರಿಯೋನ ಎಡವಿದ್ದು ಎಲ್ಲಿ? ಉತ್ತರ ಹೈಮನ್ ಬರುವ ದೃಶ್ಯದಲ್ಲಿದೆ. ಊರಿನ ಜನ ಆ ಹುಡುಗಿಗಾಗಿ ಮರುಗುತ್ತಿದ್ದಾರೆ, ನಿನ್ನ ಮುಖ ನೋಡಿ ಹೇಳಲು ಹೆದರುತ್ತಾರೆ ಅಂತ ಮಗ ಹೇಳುತ್ತಾನೆ. ನಾನು ಹೇಗೆ ಆಳಬೇಕು ಅಂತ ನಗರ ನನಗೆ ಹೇಳಬೇಕಾ ಅಂತ ಅಪ್ಪ ಕೇಳುತ್ತಾನೆ. ಒಬ್ಬನಿಗೇ ಸೇರಿದ್ದು ನಗರವೇ ಅಲ್ಲ, ಯಾರೂ ಇಲ್ಲದ ನಾಡನ್ನು ನೀನು ಚೆನ್ನಾಗಿ ಆಳುತ್ತೀಯ ಅಂತ ಮಗನ ಉತ್ತರ. ನಗರಕ್ಕಾಗಿ ಅಂತ ಶುರು ಮಾಡಿದವನು ನಗರದ ಮಾತು ಕೇಳಲೊಪ್ಪದ ಜಾಗಕ್ಕೆ ಬಂದು ನಿಂತಿದ್ದಾನೆ.

ಇಪ್ಪತ್ತನೇ ಶತಮಾನ

1944ರ ಫೆಬ್ರವರಿಯಲ್ಲಿ, ನಾಜಿಗಳ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ, ಫ್ರೆಂಚ್ ನಾಟಕಕಾರ ಜಾನ್ ಅನೂಯಿ ಇದೇ ಕಥೆ ಇಟ್ಟುಕೊಂಡು ಬರೆದ ‘ಅಂತಿಗೊನೆ’ ರಂಗಕ್ಕೆ ಬಂತು. ಜರ್ಮನ್ ಸೆನ್ಸಾರ್ ಒಪ್ಪಿಗೆ ಕೊಟ್ಟಿತ್ತು! ಕೆಲವರಿಗೆ ಅವಳಲ್ಲಿ ಪ್ರತಿರೋಧ ಕಾಣಿಸಿತು. ಇನ್ನು ಕೆಲವರಿಗೆ ಕ್ರಿಯೋನನ ಪರ ವಾದ ಬಲವಾಗಿ ಕೇಳಿಸಿ ಸಿಟ್ಟು ಬಂತು.

ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಸೊಫೊಕ್ಲೀಸನ ನಾಟಕ ಆಡಿದಾಗ ನೆಲ್ಸನ್ ಮಂಡೇಲಾ ಮಾಡಿದ್ದು ಕ್ರಿಯೋನನ ಪಾತ್ರ. ಅಂತಿಗೊನೆ ತಮ್ಮ ಹೋರಾಟದ ಸಂಕೇತ ಅಂತ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಜತೆಗೇ ಕ್ರಿಯೋನನ ಮೊದಲ ಮಾತುಗಳ ವಿವೇಕವನ್ನೂ ಗುರುತಿಸುತ್ತಾರೆ, ನಾಯಕನಾದವನಿಗೆ ನ್ಯಾಯದ ಜತೆ ಕರುಣೆಯೂ ಬೇಕು ಅನ್ನುತ್ತಾರೆ. ಮುಂದೆ ದೇಶ ಆಳಬೇಕಾಗಿ ಬಂದ ಕೈದಿಯೊಬ್ಬ ಆಳುವವನ ಮಾತನ್ನು ತನ್ನ ಬಾಯಲ್ಲಿ ಆಡಿನೋಡಿದ್ದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1958ರಲ್ಲಿ ರಂಗಭೂಮಿಯೇ ರಾಜಕೀಯ ಕಲೆ ಅಂದಳು. ಮನುಷ್ಯ ಇತರರ ನಡುವೆ ಮಾಡಿದ ಕ್ರಿಯೆಯನ್ನು ವಾಪಸ್ ತೆಗೆದುಕೊಳ್ಳಲಾಗದು, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಮೊದಲೇ ಹೇಳಲೂ ಆಗದು ಅನ್ನುವುದು ಅವಳ ಚಿಂತನೆಯ ತಿರುಳು. ನಾಟಕದ ಕೊನೆಯನ್ನು ಇದರ ಜತೆ ಇಟ್ಟು ನೋಡಿ. ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಸಮಾಧಿ ಮಾಡು ಅಂತ ಮೇಳದ ಹಿರಿಯರು ಹೇಳುತ್ತಾರೆ. ಮನಸ್ಸು ಬದಲಾಯಿಸಿದ ಕ್ರಿಯೋನ ಮೊದಲು ಹೋಗುವುದು ಹೆಣದ ಬಳಿಗೆ. ಗವಿ ತಲುಪುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಸ್ತ್ರೀವಾದಿ ಚಿಂತಕರಾದ ಜುಡಿತ್ ಬಟ್ಲರ್ 2000ದಲ್ಲಿ, ಅಂತಿಗೊನೆ ಅಧಿಕಾರವನ್ನು ಎದುರಿಸುವಾಗ ಅಧಿಕಾರದ ಭಾಷೆಯನ್ನೇ ಬಳಸುತ್ತಾಳೆ ಅಂತ ತೋರಿಸಿದರು. ರಾಜಕೀಯ ಚಿಂತಕಿ ಬಾನಿ ಹಾನಿಗ್ 2013ರಲ್ಲಿ ಅಕ್ಕತಂಗಿಯರಾದ ಅಂತಿಗೊನೆ ಮತ್ತು ಇಸ್ಮೆನೆಯತ್ತ ಗಮನ ತಿರುಗಿಸಿದರು. ನಾಟಕದಲ್ಲಿ ಮಣ್ಣು ಹಾಕುವುದು ಎರಡು ಸಲ. ಮೊದಲನೆಯದನ್ನು ಯಾರೂ ನೋಡಿಲ್ಲ. ಅದನ್ನು ಹೇಡಿ ಅನ್ನಿಸಿಕೊಂಡ ಇಸ್ಮೆನೆಯೇ ಮಾಡಿರಬಹುದಲ್ಲವೇ ಅನ್ನುವುದು ಹಾನಿಗ್ ಅವರ ಪ್ರಶ್ನೆ. ಇದನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಮಣ್ಣು ಹಾಕಿದ ಬಗ್ಗೆ ಕಾವಲುಗಾರ ತರುವ ಆ ಎರಡು ವರದಿಗಳನ್ನು ಮತ್ತೊಮ್ಮೆ ಓದಿ ಆಮೇಲೆ ನಿರ್ಧರಿಸಿ.

ಕನ್ನಡದಲ್ಲಿ ಪಿ. ಲಂಕೇಶ್ ಅವರ ಅನುವಾದ ಇದೆ. ಪೂರ್ತಿ ಓದಲು ಸಮಯ ಇಲ್ಲದಿದ್ದರೆ ಕ್ರಿಯೋನನ ಮೊದಲ ಭಾಷಣವನ್ನೂ ಹೈಮನ್ ಜತೆಗಿನ ಜಗಳವನ್ನೂ ಒಂದೇ ಸಲಕ್ಕೆ, ಗಟ್ಟಿಯಾಗಿ ಓದಿ. ಸಾಧ್ಯವಾದರೆ ಇಬ್ಬರು ಕೂತು ಪಾತ್ರ ಹಂಚಿಕೊಳ್ಳಿ, ಆಮೇಲೆ ಅದಲು ಬದಲು ಮಾಡಿ.