ತಿರುಪತಿಯ ಮುಡಿ ಮತ್ತು ಯಹೂದಿ ಹೆಂಗಸರ ವಿಗ್

2004ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂಪ್ರದಾಯಸ್ಥ ಯಹೂದಿಗಳು ಬೀದಿಯಲ್ಲೇ ವಿಗ್‌ಗಳನ್ನು ಸುಟ್ಟರು. ಇಂಥ ವಿಗ್‌ಗೆ ಸಾವಿರಾರು ಡಾಲರ್ ಬೆಲೆ. ಸುಡಲು ಕಾರಣ ನಮ್ಮ ತಿರುಪತಿ ಬೆಟ್ಟದ ಮುಡಿ.

ಮದುವೆಯಾದ ಹೆಣ್ಣು ಹೊರಗೆ ಹೋಗುವಾಗ ಕೂದಲು ಮುಚ್ಚಿಕೊಳ್ಳಬೇಕು ಎಂಬುದು ಯಹೂದಿ ಧರ್ಮದ ಹಳೇ ನಿಯಮ. ಸುಮಾರು 1800 ವರ್ಷ ಹಿಂದಿನ ಮಿಷ್ನಾ ಎಂಬ ಯಹೂದಿ ಧರ್ಮನಿಯಮಗಳ ಗ್ರಂಥದಲ್ಲೇ ಅದರ ಮಾತಿದೆ. ಯಾವುದರಿಂದ ಮುಚ್ಚಬೇಕು ಅನ್ನೋದೇ ಜಗಳ. 16ನೇ ಶತಮಾನದಲ್ಲಿ ಇಟಲಿಯ ರಬ್ಬಿ (ಯಹೂದಿ ಧರ್ಮಗುರು) ಜೋಶುವಾ ಬೋವಾಜ್, ವಿಗ್ ಹಾಕಿದರೂ ಸಾಕು ಎಂದರು. ಕ್ರಾಕೋವ್‌ನ ಮೋಸೆಸ್ ಇಸ್ಸರ್ಲಿಸ್ ಅದನ್ನು ಒಪ್ಪಿದರು. 18ನೇ ಶತಮಾನದ ಯಾಕೊಬ್ ಎಮ್ಡೆನ್ ಒಪ್ಪಲಿಲ್ಲ. ನಮ್ಮ ಕಾಲಕ್ಕೆ ಬಂದರೂ ಅದೇ ಕಥೆ: ಬ್ರೂಕ್ಲಿನ್‌ನಲ್ಲಿದ್ದ, ಲುಬಾವಿಚ್ ಎಂಬ ಯಹೂದಿ ಪಂಥದ ಗುರು ಶ್ನೀರ್ಸನ್ ವಿಗ್ಗೇ ಒಳ್ಳೆಯದು ಎಂದರು, ಜೆರುಸಲೇಮಿನ ಓವಾಡಿಯಾ ಯೋಸೆಫ್ ಬೇಡವೇ ಬೇಡ ಎಂದರು.

2004ರಲ್ಲಿ ಎದ್ದದ್ದು ಬೇರೆಯೇ ಪ್ರಶ್ನೆ. ಆ ಕೂದಲು ಎಲ್ಲಿಂದ ಬಂತು? ಲಂಡನ್ನಿನ ರಬ್ಬಿ ಆರನ್ ಡೇವಿಡ್ ಡನ್ನರ್ ತಿರುಮಲಕ್ಕೇ ಬಂದು ನೋಡಿದರು. ಕಲ್ಯಾಣಕಟ್ಟೆಯಲ್ಲಿ ಏನು ನಡೆಯುತ್ತೆ ಅಂತ ನಮಗೆ ಗೊತ್ತಲ್ವಾ? ತಲೆ ಒದ್ದೆ ಮಾಡಿಕೊಂಡು, ಗೋವಿಂದಾ ಅಂತ ತಲೆ ಬಗ್ಗಿಸಿ ಕೂರುತ್ತೇವೆ. ಕ್ಷೌರದವರ ಬ್ಲೇಡು ನೆತ್ತಿಯಿಂದ ಕೆಳಗೆ ಬರುತ್ತೆ. ಕೂದಲನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ.

ಡನ್ನರ್ ವರದಿ ಕೇಳಿದ ಜೆರುಸಲೇಮಿನ ಹಿರಿಯ ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್, ಇದು ಬೇರೆ ದೇವರಿಗೆ ಒಪ್ಪಿಸಿದ ಕಾಣಿಕೆ ಎಂದು ತೀರ್ಪು ಕೊಟ್ಟರು. ಅಂಥದ್ದರಿಂದ ಯಾವ ಲಾಭವನ್ನೂ ಪಡೆಯುವಂತಿಲ್ಲ. ಮಾರುವಂತಿಲ್ಲ, ದಾನ ಕೊಡುವಂತೆಯೂ ಇಲ್ಲ. ಅದಕ್ಕೇ ಬೆಂಕಿ. ಕೆಲವು ರಬ್ಬಿಗಳು ವಾದ ಹೂಡಿದರು: ಕೂದಲು ತೆಗೆಯುವುದು ಗರ್ಭಗುಡಿಯ ಹೊರಗೆ, ತೆಗೆಯುವವರು ಅರ್ಚಕರಲ್ಲ, ಅದನ್ನು ದೇವರ ಮುಂದೆ ಇಡುವುದೂ ಇಲ್ಲ, ಹಾಗಾದರೆ ಕಾಣಿಕೆ ಹೇಗಾಗುತ್ತೆ? ಆದರೆ ಹರಕೆ ಹೊತ್ತು ಬೆಟ್ಟ ಹತ್ತಿದ ಯಾರನ್ನಾದರೂ ಕೇಳಿ, ಕೂದಲು ತಿಮ್ಮಪ್ಪನಿಗೇ ಅಂತಾರೆ. ಭಕ್ತರ ಮನಸ್ಸನ್ನು ಎಲ್ಯಾಶಿವ್ ಸರಿಯಾಗಿಯೇ ಹಿಡಿದರು ಅಂತ ನನಗನ್ನಿಸುತ್ತೆ.

ನನಗೆ ನೋವಾಗುವುದು ಆ ಹೆಂಗಸರನ್ನು ನೆನೆದು. ಚೆಂದವಾಗಿಯೂ ಕಾಣಬೇಕು, ಧರ್ಮವನ್ನೂ ಬಿಡಬಾರದು ಅಂತ ದುಡ್ಡು ಕೂಡಿಸಿ ಕೊಂಡಿದ್ದರು. ವಾದ ಮಾಡಿದವರು ಗಂಡಸರು, ವಿಗ್ ಕಳೆದುಕೊಂಡವರು ಇವರು. ಎಷ್ಟೋ ಜನ ಸಿಂಥೆಟಿಕ್ ವಿಗ್ ಹುಡುಕಿದರು, ಇನ್ನು ಕೆಲವರು ಸ್ಕಾರ್ಫ್ ಕಟ್ಟಿಕೊಂಡರು.

ಈಗ ಬೈತಲೆಯೂ ನಿಜದಂತೆ ಕಾಣುವ ಲೇಸ್ ವಿಗ್‌ಗಳು ಬಂದಿವೆ. ಇಷ್ಟು ಸಹಜವಾಗಿದ್ದರೆ ಮುಚ್ಚಿದ್ದು ಹೇಗೆ ಅಂತ ಕೆಲವು ರಬ್ಬಿಗಳ ತಕರಾರು. ಕೂದಲಿನ ಮೂಲದ ಪ್ರಶ್ನೆಯೂ ಮುಗಿದಿಲ್ಲ. ಕೂದಲು ಭಾರತದ್ದಲ್ಲ ಎಂದು ರಬ್ಬಿಗಳು ಕೊಟ್ಟ ಪ್ರಮಾಣಪತ್ರ ನೋಡಿಯೇ ಕೊಳ್ಳುವವರು ಇಂದಿಗೂ ಇದ್ದಾರೆ.