ಬಸುರಿಗೆ ಫ್ಲೂ ಲಸಿಕೆ: ಅದರಲ್ಲಿ ಮಗುವಿಗೂ ಪಾಲಿದೆ

ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಳ್ಳಲು ನಮ್ಮ ಬಸುರಿಯರು ಹಿಂದೆಮುಂದೆ ನೋಡುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ನೆನಪಿಸುತ್ತಾರೆ, ನರ್ಸ್ ತೋಳಿಗೆ ಚುಚ್ಚುತ್ತಾರೆ, ತಾಯಿ ಕಾರ್ಡಿನಲ್ಲಿ ದಿನಾಂಕ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಅತ್ತೆಯವರದೂ ತಕರಾರಿಲ್ಲ, ಅವರೂ ತಮ್ಮ ಕಾಲದಲ್ಲಿ ಹಾಕಿಸಿಕೊಂಡವರೇ. ಹೊಕ್ಕುಳಬಳ್ಳಿ ಕತ್ತರಿಸಿದ ಗಾಯಕ್ಕೆ ನಂಜೇರಿ ಹಸುಗೂಸುಗಳು ಸಾಯುತ್ತಿದ್ದ ದಿನಗಳನ್ನು ಕಂಡ ಅಜ್ಜಿಯರು ಇನ್ನೂ ಇದ್ದಾರೆ. ತಾಯಿಗೆ ಹಾಕಿದ ಲಸಿಕೆ ಮತ್ತು ಶುಚಿಯಾದ ಹೆರಿಗೆ ಆ ಸಾವುಗಳನ್ನು ಎಷ್ಟು ತಗ್ಗಿಸಿದವೆಂದರೆ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶಗಳ ಸಾಲಿಗೆ 2015ರಲ್ಲಿ ಭಾರತವೂ ಸೇರಿತು.

ಅದೇ ಬಸುರಿಯ ಮುಂದೆ ಫ್ಲೂ ಲಸಿಕೆಯ ಮಾತೆತ್ತಿ ನೋಡಿ, ಮನೆಯಲ್ಲಿ ಪಂಚಾಯಿತಿಯೇ ಸೇರುತ್ತದೆ. "ನೆಗಡಿಗೂ ಒಂದು ಇಂಜೆಕ್ಷನ್ ಬೇಕೇನಮ್ಮಾ?" ಎನ್ನುವುದು ಮೊದಲ ಪ್ರಶ್ನೆ.

ನೆಗಡಿಯಾದರೆ ಮೂಗು ಸೋರುತ್ತದೆ, ಶುಂಠಿ ಕಷಾಯ ಕುಡಿದು ನಾಲ್ಕು ದಿನ ತಳ್ಳಬಹುದು. ಇನ್‌ಫ್ಲುಯೆಂಜಾ ವೈರಸ್ ತರುವ ಜ್ವರದ, ಅಂದರೆ ಫ್ಲೂವಿನ, ವರಸೆಯೇ ಬೇರೆ. ಅದು ಮೈಕೈ ಮುರಿದಂತೆ ಮಾಡಿ ಹಾಸಿಗೆ ಹಿಡಿಸುತ್ತದೆ, ಕೆಲವರಲ್ಲಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಬಸುರಿಯರಲ್ಲಿ ಈ ಅಪಾಯ ಹೆಚ್ಚು. ಗರ್ಭ ಬೆಳೆದಂತೆ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಸುಮಾರು ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತದೆ. ದೇಹಕ್ಕೆ ಬೇಕಾಗುವ ಆಮ್ಲಜನಕವೂ ಹೆಚ್ಚುತ್ತದೆ, ಹೃದಯದ ದುಡಿಮೆಯೂ ಹೆಚ್ಚುತ್ತದೆ. ಇದರ ಜೊತೆಗೆ ರೋಗನಿರೋಧಕ ವ್ಯವಸ್ಥೆ ತನ್ನ ಪಟ್ಟುಗಳನ್ನು ಬದಲಿಸಿಕೊಂಡಿರುತ್ತದೆ. ಇಂಥ ಹೊತ್ತಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ತಾಳಿಕೊಳ್ಳುವ ಶಕ್ತಿ ಕಡಿಮೆ. ನಮ್ಮಲ್ಲಿ ಹಂದಿಜ್ವರ ಎಂದು ಹೆಸರಾದ 2009ರ ಎಚ್1ಎನ್1 ಪಿಡುಗಿನಲ್ಲಿ ಇದು ನಿಚ್ಚಳವಾಗಿ ಕಂಡಿತು. ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ಶೇ. 1ರಷ್ಟಿದ್ದರೆ, ಆ ಜ್ವರಕ್ಕೆ ಸತ್ತವರಲ್ಲಿ ಅವರು ಸುಮಾರು ಶೇ. 5ರಷ್ಟಿದ್ದರು.

ತಾಯಿಯ ಮಾತು ಇಷ್ಟು. ನನ್ನ ಮಟ್ಟಿಗೆ ಹೆಚ್ಚು ತೂಕದ ಕಾರಣ ಮಗುವಿನದು. ಆರು ತಿಂಗಳು ತುಂಬದ ಮಗುವಿಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ಫ್ಲೂ ಬಂದರೆ ಆಸ್ಪತ್ರೆ ಸೇರುವ ಸಾಧ್ಯತೆ ಹೆಚ್ಚಿರುವುದೂ ಅದೇ ವಯಸ್ಸಿನಲ್ಲಿ. ನಾಮಕರಣದ ದಿನ ತೊಟ್ಟಿಲಿನ ಸುತ್ತ ನೆರೆದವರೆಲ್ಲ ಕೂಸನ್ನು ಕೈಯಿಂದ ಕೈಗೆ ದಾಟಿಸಿ ಕೆನ್ನೆಗೆ ಮುತ್ತಿಡುತ್ತಾರೆ. ಅವರಲ್ಲಿ ಯಾರಿಗೆ ಕೆಮ್ಮಿತ್ತೆಂದು ಕೇಳುವವರಿಲ್ಲ. ಆ ಆರು ತಿಂಗಳಿಗೆ ಇರುವ ದಾರಿ ತಾಯಿಯ ಮೂಲಕ. ಲಸಿಕೆ ಪಡೆದ ಸುಮಾರು ಎರಡು ವಾರದಲ್ಲಿ ಅವಳ ರಕ್ತದಲ್ಲಿ ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯಗಳು ತಯಾರಾಗುತ್ತವೆ. ಅವುಗಳಲ್ಲಿ ಐಜಿಜಿ ಎಂಬ ಬಗೆಯದನ್ನು ಮಾಸು ಹಿಡಿದು ಮಗುವಿನ ರಕ್ತಕ್ಕೆ ದಾಟಿಸುತ್ತದೆ. ಕೊನೆಯ ಮೂರು ತಿಂಗಳಲ್ಲಿ ಈ ಸಾಗಾಟ ಬಿರುಸು. ತಾಯಿ ಕಟ್ಟಿಕೊಟ್ಟ ಈ ಬುತ್ತಿ ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಕರಗಿ ಹೋಗುತ್ತದೆ, ಆದರೆ ಅಪಾಯ ಹೆಚ್ಚಿರುವುದೂ ಆ ತಿಂಗಳುಗಳಲ್ಲೇ.

ಇದು ಬರೀ ತರ್ಕವಲ್ಲ. ಬಾಂಗ್ಲಾದೇಶದಲ್ಲಿ 340 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫ್ಲೂ ಲಸಿಕೆ, ಇನ್ನೊಂದಕ್ಕೆ ಹೋಲಿಕೆಗಾಗಿ ಫ್ಲೂ ತಡೆಯದ ನ್ಯುಮೋಕಾಕಲ್ ಲಸಿಕೆ ಕೊಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ಖಚಿತಪಟ್ಟ ಫ್ಲೂ ಮೊದಲ ಗುಂಪಿನ 6 ಶಿಶುಗಳಲ್ಲಿ, ಎರಡನೆಯದರಲ್ಲಿ 16 ಶಿಶುಗಳಲ್ಲಿ ಕಂಡುಬಂತು. ಚಿಕ್ಕ ಅಧ್ಯಯನ, ನಿಜ. ಆದರೆ ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ, 2014ರಲ್ಲಿ ವರದಿಯಾದ ಪ್ರಯೋಗದಲ್ಲೂ ತಾಯಿ ಮತ್ತು ಮಗು ಇಬ್ಬರಲ್ಲೂ ಫ್ಲೂ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ನೂರಕ್ಕೆ ನೂರು ರಕ್ಷಣೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾದೀತೆಂಬ ಅಳುಕು ಸಹಜ. ಗರ್ಭಿಣಿಯರಿಗೆ ತೋಳಿನಲ್ಲಿ ಕೊಡುವ ಈ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಆದ್ದರಿಂದ ಅದರಿಂದ ಫ್ಲೂ ಬರುವುದು ಸಾಧ್ಯವಿಲ್ಲ. ತೋಳು ಒಂದೆರಡು ದಿನ ನೋಯಬಹುದು, ಮೈ ಬೆಚ್ಚಗಾಗಬಹುದು. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ, ಅದು ಬಸುರಿಯರಿಗೆ ಬೇಡ. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇದನ್ನು ಬಸಿರಿನ ಯಾವ ತಿಂಗಳಲ್ಲಾದರೂ ಪಡೆಯಬಹುದು. ನಮ್ಮ ಕಡೆ ಫ್ಲೂ ಮುಂಗಾರಿನ ಜೊತೆ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ತಲೆಯೆತ್ತುತ್ತದೆ. ಮಳೆ ಹಿಡಿಯುವ ಮೊದಲೇ ಹಾಕಿಸಿಕೊಂಡರೆ ಒಳ್ಳೆಯದು. ವೈರಸ್ ವೇಷ ಬದಲಿಸುತ್ತಲೇ ಇರುವುದರಿಂದ ಮೊದಲ ಬಸಿರಿನಲ್ಲಿ ಪಡೆದದ್ದು ಎರಡನೆಯದಕ್ಕೆ ಸಾಲದು.

ಇಷ್ಟೆಲ್ಲ ಇದ್ದೂ ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಇದಿಲ್ಲ. ಖಾಸಗಿಯಾಗಿ ದುಡ್ಡು ತೆತ್ತು ಹಾಕಿಸಿಕೊಳ್ಳಬೇಕು. ಕೂಲಿ ಮಾಡುವ ಹೆಂಗಸಿಗೆ ಅದು ಹಗುರದ ಖರ್ಚಲ್ಲ, ಪಟ್ಟಿಗೆ ಸೇರಿಸಬೇಕೆಂದೇ ನನ್ನ ಅಭಿಪ್ರಾಯ. ಕೈಲಾಗುವ ಮನೆಗಳಲ್ಲೂ ಹಲವೊಮ್ಮೆ ತೊಡಕಾಗುವುದು ಹಣವಲ್ಲ, ವೈದ್ಯರ ಮೌನ. ಗರ್ಭಿಣಿಯ ನಿರ್ಧಾರದಲ್ಲಿ ವೈದ್ಯರ ಸಲಹೆಯದೇ ದೊಡ್ಡ ಪಾತ್ರವೆಂದು ಹಲವು ದೇಶಗಳ ಸಮೀಕ್ಷೆಗಳು ಹೇಳಿವೆ. ಅವರು ಹೇಳದಿದ್ದರೆ ತಿಂಗಳ ತಪಾಸಣೆಗೆ ಹೋದಾಗ ನೀವೇ ಕೇಳಿ.

ಲಸಿಕೆ ಪಡೆದಿದ್ದರೂ ಜ್ವರ, ಕೆಮ್ಮು ಕಾಣಿಸಿಕೊಂಡರೆ ಬಸುರಿಯರು ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಕಾಯಬಾರದು. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಔಷಧ ಇದೆ, ವೈದ್ಯರು ಅದನ್ನು ಗರ್ಭಿಣಿಯರಿಗೂ ಕೊಡುತ್ತಾರೆ. ಲಕ್ಷಣ ಶುರುವಾದ 48 ಗಂಟೆಗಳೊಳಗೆ ಆರಂಭಿಸಿದರೆ ಅದರ ಫಲ ಹೆಚ್ಚು. ಉಸಿರು ಕಟ್ಟಿದಂತಾದರೆ ಅಥವಾ ಮಗುವಿನ ಒದೆತ ಕಡಿಮೆಯಾದಂತೆ ತೋರಿದರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಹೊರಡಿ.