ಬಾಲಚುಕ್ಕಿಯ ಜತೆಗೇ ಸಾಗಿದ ರೊಸೆಟಾ

1986ರ ಮಾರ್ಚ್‌ನಲ್ಲಿ ಯುರೋಪಿನ ಜಿಯೊಟ್ಟೊ ನೌಕೆ ಹ್ಯಾಲಿ ಧೂಮಕೇತುವಿನಿಂದ ಸುಮಾರು 600 ಕಿ.ಮೀ. ದೂರದಲ್ಲಿ ಹಾದುಹೋಯಿತು. ವೇಗ ಸೆಕೆಂಡಿಗೆ 68 ಕಿ.ಮೀ. ಆ ವೇಗದಲ್ಲಿ ಧೂಳಿನ ಕಣವೂ ಗುಂಡಿನ ಹಾಗೆ ಬಡಿಯುತ್ತದೆ. ತೀರಾ ಹತ್ತಿರ ಹೋಗುವ ಹೊತ್ತಿಗೇ ನೌಕೆ ಏಟು ತಿಂದು ಓಲಾಡಿತು, ಕ್ಯಾಮೆರಾ ಕೆಟ್ಟುಹೋಯಿತು.

ಹೀಗೆ ಓಡುತ್ತಾ ನೋಡಿದರೆ ಎಷ್ಟು ಗೊತ್ತಾದೀತು, ಅಲ್ವಾ? ಬಿಸಿಲಿಗೆ ಬಂದಂತೆ ಬಾಲಚುಕ್ಕಿ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಅದರ ಜತೆಗೇ ಇರಬೇಕು. ಯುರೋಪಿನದೇ ಆದ ರೊಸೆಟಾ ನೌಕೆಯ ಯೋಜನೆ ಹೊರಟಿದ್ದೇ ಅದಕ್ಕೆ.

ಮೊದಲು ಗೊತ್ತುಮಾಡಿದ್ದು ವಿರ್ಟಾನೆನ್ ಎಂಬ ಧೂಮಕೇತುವನ್ನು. ಆದರೆ 2002ರ ಡಿಸೆಂಬರ್‌ನಲ್ಲಿ, ರೊಸೆಟಾವನ್ನು ಹೊರಬೇಕಿದ್ದ ಏರಿಯಾನ್ 5 ಮಾದರಿಯದೇ ರಾಕೆಟ್ಟೊಂದು ವಿಫಲವಾಯಿತು. ಉಡಾವಣೆ ಮುಂದಕ್ಕೆ ಹೋಗಿ, ವಿರ್ಟಾನೆನ್ ಕೈತಪ್ಪಿತು. ಆಮೇಲೆ ಆರಿಸಿಕೊಂಡಿದ್ದು 1969ರಲ್ಲಿ ಖಗೋಳ ವಿಜ್ಞಾನಿಗಳಾದ ಚುರ್ಯುಮೊವ್ ಮತ್ತು ಗೆರಾಸಿಮೆಂಕೊ ಗುರುತಿಸಿದ್ದ 67ಪಿ ಎಂಬ ಧೂಮಕೇತುವನ್ನು. 2004ರ ಮಾರ್ಚ್ 2ರಂದು ರೊಸೆಟಾ ಹೊರಟಿತು. ಭೂಮಿಯ ಬಳಿ ಮೂರು ಸಲ, ಮಂಗಳನ ಬಳಿ ಒಂದು ಸಲ ಹಾದು, ಅವುಗಳ ಸೆಳೆತದಿಂದಲೇ ವೇಗ ಗಳಿಸಿತು. ದೂರ ಹೋದಂತೆ ಬಿಸಿಲು ಸಾಲದೆ 31 ತಿಂಗಳು ಮಲಗಿಯೇ ಇತ್ತು. 2014ರ ಜನವರಿ 20ರಂದು ಎದ್ದು ಸಂಕೇತ ಕಳಿಸಿತು. ಆಗಸ್ಟ್‌ನಲ್ಲಿ ಗುರಿ ಮುಟ್ಟಿದಾಗ ಕಂಡಿದ್ದು ಬಾತುಕೋಳಿ ಆಕಾರದ, ಸುಮಾರು 4 ಕಿ.ಮೀ. ಉದ್ದದ ಕಪ್ಪು ಗಡ್ಡೆ.

ನವೆಂಬರ್ 12ರಂದು ರೊಸೆಟಾ ಹೊತ್ತು ತಂದಿದ್ದ ಫೀಲೆ ಎಂಬ ಪುಟ್ಟ ಲ್ಯಾಂಡರ್ ಅದರ ಮೇಲೆ ಇಳಿಯಿತು. ಇಲ್ಲಿ 100 ಕೆ.ಜಿ. ತೂಗುವ ಫೀಲೆ ಅಲ್ಲಿ ಸುಮಾರು ಒಂದು ಗ್ರಾಂ ಅಷ್ಟೇ. ನೆಲಕ್ಕೆ ಚುಚ್ಚಿಕೊಂಡು ಹಿಡಿಯಬೇಕಿದ್ದ ಈಟಿಗಳು ಹಾರಲಿಲ್ಲ. ಕೆಳಕ್ಕೆ ಒತ್ತಬೇಕಿದ್ದ ಗ್ಯಾಸ್ ಎಂಜಿನ್ ಕೂಡ ಕೈಕೊಟ್ಟಿತು. ಫೀಲೆ ಪುಟಿಯಿತು. ಮತ್ತೆ ನೆಲ ಮುಟ್ಟಲು ಸುಮಾರು ಎರಡು ಗಂಟೆ ಹಿಡಿಯಿತು! ಕೊನೆಗೆ ಬಂಡೆಯ ನೆರಳಲ್ಲಿ ನಿಂತಿತು. ಬಿಸಿಲಿಲ್ಲದೆ ಚಾರ್ಜ್ ಆಗಲಿಲ್ಲ. ಆದರೂ ಬ್ಯಾಟರಿ ಇದ್ದ ಎರಡೂವರೆ ದಿನ ಸುಮ್ನೆ ಕೂರದೆ, ಅಳೆದಿದ್ದನ್ನೆಲ್ಲ ಕಳಿಸಿತು. ಈ ಕತೆಯಲ್ಲಿ ನನ್ನ ಮನಸ್ಸಿಗೆ ತುಂಬಾ ತಟ್ಟುವುದು ಆ ಎರಡೂವರೆ ದಿನ.

ನಮ್ಮ ಸಮುದ್ರದ ನೀರು ಇಂಥ ಧೂಮಕೇತುಗಳಿಂದ ಬಂತೇ ಎಂಬುದು ಹಳೆಯ ಪ್ರಶ್ನೆ. 67ಪಿ ನೀರಿನಲ್ಲಿ ಭಾರದ ಹೈಡ್ರೋಜನ್‌ನ ಪ್ರಮಾಣ ನಮ್ಮ ಸಮುದ್ರಕ್ಕಿಂತ ಮೂರು ಪಟ್ಟು ಜಾಸ್ತಿ ಎಂದು ರೊಸೆಟಾ ಅಳೆಯಿತು. ಅಂದರೆ ಇಂಥವುಗಳಿಂದಲೇ ನಮ್ಮ ಸಮುದ್ರ ತುಂಬಿರಲಾರದು ಎಂದು ಆಗ ಅನಿಸಿತು. ಆದರೆ ಜೀವಕ್ಕೆ ಬೇಕಾದ ಗ್ಲೈಸಿನ್ (ಪ್ರೋಟೀನಿನ ಒಂದು ಘಟಕ) ಮತ್ತು ರಂಜಕ ಅಲ್ಲಿ ಸಿಕ್ಕವು.

2016ರ ಸೆಪ್ಟೆಂಬರ್ 2ರಂದು ತೆಗೆದ ಫೋಟೊದಲ್ಲಿ ಫೀಲೆ ಕಂಡಿತು. ಬಂಡೆಯ ಸಂದಿಯಲ್ಲಿ ವಾಲಿಕೊಂಡು, ಒಂದು ಕಾಲು ಮೇಲಕ್ಕೆ ಚಾಚಿತ್ತು. ಅದೇ ತಿಂಗಳ 30ರಂದು ರೊಸೆಟಾವನ್ನೂ ಅಲ್ಲೇ ಇಳಿಸಿದರು. 2021ರ ನವೆಂಬರ್‌ನಲ್ಲಿ 67ಪಿ ಎರಡನ್ನೂ ಹೊತ್ತು ಮತ್ತೊಮ್ಮೆ ಸೂರ್ಯನ ಹತ್ತಿರ ಬಂದುಹೋಯಿತು.